ಬೆನ್ನಿಗೆ ಮಣ್ಣು ಹತ್ತಿದ ಮೇಲೆ

ನಮ್ಮ ಕಡೆಯ ಜಾತ್ರೆಗಳಲ್ಲಿ ತೇರು ಎಳೆದ ಮಾರನೆಯ ದಿನ ಇಳಿಹೊತ್ತಿಗೆ ಕುಸ್ತಿಯ ಕಣ ಕೂಡುವುದನ್ನೂ, ಹಲಗೆಯ ಸದ್ದು ಏರಿದಂತೆಲ್ಲ ಗಂಡಸರು ಒಬ್ಬರ ಮೇಲೊಬ್ಬರು ಒತ್ತಿ ಕುಳಿತುಕೊಳ್ಳುವುದನ್ನೂ, ಕಡೆಯ ನಿಕಾಲಿ ಜೋಡಿಯಲ್ಲಿ ಗೆದ್ದವನ ಮುಂಗೈಗೆ ಬೆಳ್ಳಿಯ ಕಡಗವೇರಿಸಿ ಅವನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸುವುದನ್ನೂ ಬಾಲ್ಯದಿಂದ ಕಂಡವನು ನಾನು. ಆ ಹೊತ್ತಿನಲ್ಲಿ ಊರಿನ ಹೆಣ್ಣುಮಕ್ಕಳು ಎಲ್ಲಿದ್ದರೆಂದು ನೆನೆದುಕೊಂಡರೆ, ಕಣದ ಸುತ್ತಲಿನ ಮಾಳಿಗೆಗಳ ಮೇಲೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಿಂತ ಒಂದು ಸಾಲು ಕಣ್ಣಿಗೆ ಕಟ್ಟುತ್ತದೆ. ತಾಲೀಮಿನ ಹೊಸ್ತಿಲು ದಾಟಲು ಅವರಿಗೆ ಅಪ್ಪಣೆಯಿರಲಿಲ್ಲ. ಹನುಮಂತನ ಪಟವಿರುವಲ್ಲಿ, ಬ್ರಹ್ಮಚರ್ಯದ ವ್ರತವಿರುವಲ್ಲಿ ಹೆಣ್ಣಿಗೇನು ಕೆಲಸವೆಂಬುದು ಹಿರಿಯರ ನ್ಯಾಯ. ಆ ನ್ಯಾಯವನ್ನು ಪ್ರಶ್ನಿಸಬೇಕೆಂಬ ಬುದ್ಧಿ ಆಗ ನನಗೂ ಹುಟ್ಟಿರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಬರೆಯುತ್ತಿದ್ದೇನೆ.

ಕುಸ್ತಿಯ ಧರ್ಮ ಸರಳವಾದುದು. ಬೆನ್ನಿಗೆ ಮಣ್ಣು ಹತ್ತಿತೆಂದರೆ ಆಟ ಮುಗಿಯಿತು. ಚಿತ್ತಾದವನು ಮೈ ಝಾಡಿಸಿಕೊಂಡು ಕಣದಿಂದ ಹೊರಬೀಳತಕ್ಕದ್ದು. ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ ವಿದ್ಯೆಯ ವಿಚಾರವಾಗಿ ತಿಳಿದುಕೊಳ್ಳತೊಡಗಿದಾಗ ನನ್ನನ್ನು ಮೊದಲು ಬೆರಗುಗೊಳಿಸಿದುದು, ಅದರ ಪಾಠ ಆರಂಭವಾಗುವುದೇ ಅಲ್ಲಿಂದ ಎಂಬ ಸಂಗತಿ. ಅಂಗಾತ ಬಿದ್ದವಳು ತನ್ನೆರಡು ಕಾಲುಗಳಿಂದ ಮೇಲೆ ಬಂದವನ ಸೊಂಟವನ್ನು ಬಳಸಿ, ಅವನು ಎಷ್ಟು ಸಮೀಪಕ್ಕೆ ಬರಬಹುದೆಂಬುದನ್ನು ತಾನೇ ನಿಶ್ಚಯಿಸಿ, ಅವನ ಮುಂಗೈಯನ್ನು ಸೆರೆಹಿಡಿದು, ತನ್ನ ನಡುವನ್ನು ಓರೆಯಾಗಿ ಜಾರಿಸಿ, ಅವನ ಮೊಣಕೈಯ ಕೀಲನ್ನು ತನ್ನ ತೊಡೆಗಳ ನಡುವೆ ಸಿಲುಕಿಸುವ ಕ್ರಮವೊಂದಿದೆ. ಕಾಲುಗಳ ಆ ಬೇಲಿಗೆ ಅವರು 'ಗಾರ್ಡ್' ಎನ್ನುತ್ತಾರೆ. ಹೊಡೆತವಿಲ್ಲ, ಒದೆತವಿಲ್ಲ. ಭಾರವಾದ ಬಂಡೆಯನ್ನು ಹಾರೆಯ ತುದಿಯಿಂದ ಮೀಟಿ ಹೊರಳಿಸುವ ಒಕ್ಕಲಿಗನಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ.

ಈ ವಿದ್ಯೆ ಹುಟ್ಟಿದ ಬಗೆಯೂ ಸ್ವಾರಸ್ಯವಾದುದು. ಜಪಾನಿನ ಕೊಡೊಕಾನ್ ಶಾಲೆಯಲ್ಲಿ ಜುಡೊ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಬಂದು, ಕಾಲಾನಂತರ ಬೆಲೆಂ ನಗರದಲ್ಲಿ ನೆಲೆನಿಂತು, ಕಾರ್ಲೋಸ್ ಗ್ರೇಸಿ ಎಂಬ ತರುಣನಿಗೆ ತನ್ನ ಪಟ್ಟುಗಳನ್ನು ಕಲಿಸಿದನು. ಕಾರ್ಲೋಸನ ತಮ್ಮ, ಕೃಶಕಾಯನಾದ ಹೇಲಿಯೊ, ಬಲದಿಂದ ಸಾಧಿಸಲಾಗದುದನ್ನು ಸನ್ನೆಗೋಲಿನ ನ್ಯಾಯದಿಂದ ಸಾಧಿಸುವಂತೆ ಅವುಗಳನ್ನು ತಿದ್ದಿಕೊಂಡನು. ದುರ್ಬಲನಿಗಾಗಿ ತಿದ್ದಿದ ವಿದ್ಯೆ ಅಬಲೆಯೆನಿಸಿಕೊಂಡವಳಿಗೆ ಮೊದಲು ದಕ್ಕಬೇಕಾಗಿತ್ತಷ್ಟೆ? ಹಾಗಾಗಲಿಲ್ಲ. ಸ್ತ್ರೀಸ್ವಭಾವಕ್ಕೆ ಒಗ್ಗದ ಕ್ರೀಡೆಗಳನ್ನು ಹೆಂಗಸರು ಆಡಕೂಡದೆಂದು ಬ್ರೆಜಿಲ್ ಸರ್ಕಾರ 1941ರಲ್ಲಿ ಶಾಸನ ಮಾಡಿತು. 1965ರಲ್ಲಿ ಸರ್ವವಿಧವಾದ ಕಾಳಗದ ಆಟಗಳನ್ನೂ ಹೆಸರಿಸಿಯೇ ನಿಷೇಧಿಸಿತು. 1979ರಲ್ಲಿ ಆ ಕಟ್ಟು ಸಡಿಲಿ, 1990ರಲ್ಲಿ ಇವೋನ್ ದುವಾರ್ತೆ ಎಂಬಾಕೆ ಈ ವಿದ್ಯೆಯಲ್ಲಿ ಕಪ್ಪು ನಡುಪಟ್ಟಿ (ಬ್ಲ್ಯಾಕ್ ಬೆಲ್ಟ್) ಪಡೆದ ಪ್ರಥಮ ಸ್ತ್ರೀಯೆನಿಸಿದಳು. ನಮ್ಮ ತಾಲೀಮಿನ ಹಿರಿಯರು ಶಾಸನ ಬರೆಯುವ ಶ್ರಮ ತೆಗೆದುಕೊಳ್ಳಲಿಲ್ಲ; ಅಷ್ಟೇ ವ್ಯತ್ಯಾಸ.

ನಮ್ಮ ದೇಶದಲ್ಲಿ ಈ ನಿಷೇಧಕ್ಕಿಂತ ಬೇರೆಯೇ ಒಂದು ಮೇಲ್ಪಂಕ್ತಿಯಿತ್ತೆಂಬುದನ್ನು ಮರೆಯಲಾಗದು. ರವೀಂದ್ರನಾಥ ಠಾಕೂರರು 1929ರಲ್ಲಿ ತಕಾಗಾಕಿ ಶಿಂಜೊ ಎಂಬ ಜಪಾನೀ ಗುರುವನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡು, ಗಂಡುಮಕ್ಕಳೊಡನೆ ಹೆಣ್ಣುಮಕ್ಕಳಿಗೂ ಜುಡೊ ಕಲಿಸುವ ಏರ್ಪಾಡು ಮಾಡಿದ್ದರು. ಬಂಗಾಳದ ಕವಿಗೆ ಹೊಳೆದುದು ಕೃಷ್ಣಾ ಭೀಮಾ ನದಿಗಳ ನಡುವಿನ ನಮ್ಮ ಕಪ್ಪುಮಣ್ಣಿಗೆ ತಲಪಲು ಇನ್ನೆಷ್ಟು ಕಾಲ ಬೇಕೋ ತಿಳಿಯದು.

ಈಗ ಬೆಂಗಳೂರಿನಂಥ ನಗರಗಳಲ್ಲಿ ಈ ವಿದ್ಯೆಯ ಶಾಲೆಗಳಿವೆ; ಅಂಥ ಶಾಲೆಗಳಲ್ಲಿ ಸ್ತ್ರೀಯರಿಗೆಂದೇ ಪ್ರತ್ಯೇಕ ವೇಳೆಯನ್ನು ಮೀಸಲಿಡುವ ಪದ್ಧತಿ ಲೋಕದ ಹಲವು ಕಡೆ ಬಳಕೆಗೆ ಬಂದಿದೆ. ಇದನ್ನು ಆಕ್ಷೇಪಿಸುವವರು ಹೇಳುವ ಮಾತಿನಲ್ಲಿ ಹುರುಳಿಲ್ಲದಿಲ್ಲ: ಮೇಲೆ ಬೀಳುವವನು ಗಂಡಸಾಗಿರುವಾಗ, ಹೆಂಗಸರೊಡನೆಯೇ ಸೆಣಸಿ ಕಲಿತವಳಿಗೆ ಅವನ ಭಾರದ ಅಂದಾಜು ಹೇಗೆ ಸಿಕ್ಕೀತು? ಸರಿಯೆ. ಆದರೆ ಈಜು ಕಲಿಯುವ ಕೂಸನ್ನು ಮೊದಲ ದಿನವೇ ನೆರೆ ಬಂದ ಭೀಮೆಗೆ ಎಸೆಯುವವರುಂಟೆ? ಮೈಗೆ ಮೈ ತಾಗಿಸಿ, ಎದೆಯ ಮೇಲೆ ಮೊಣಕಾಲೂರಿ, ಕುತ್ತಿಗೆಯನ್ನು ತೋಳಿನಿಂದ ಬಿಗಿದು ಕಲಿಯಬೇಕಾದ ವಿದ್ಯೆ ಇದು. ಅಣ್ಣನ ಎದುರಿಗೂ ತಲೆಯೆತ್ತಿ ಮಾತಾಡಬಾರದೆಂದು ಬೆಳೆಸಿದ ಹುಡುಗಿಯನ್ನು ಪರಪುರುಷರ ನಡುವೆ ನಿಲ್ಲಿಸಿ ಈ ಪಾಠ ಹೇಳಹೊರಟರೆ ಅವಳ ಗಮನವೆಲ್ಲ ವೇಲನ್ನು ಸರಿಪಡಿಸಿಕೊಳ್ಳುವುದರಲ್ಲಿಯೇ ಕಳೆದುಹೋದೀತು. ಎರಡನೆಯ ದಿನ ಅವಳ ಮನೆಯವರು ಕಳುಹಿಸಲಾರರು. ಕೊಡೊಕಾನಿನ ಸ್ತ್ರೀವಿಭಾಗದಲ್ಲಿ ಕಲಿತ ಕೇಕೊ ಫುಕುದಾ, ಐದಡಿಗೂ ಕಡಿಮೆ ಎತ್ತರದ ಆ ಮಹಾತಾಯಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ತ್ರೀಯರಿಗೆಂದೇ ಜುಡೊ ಶಾಲೆ ನಡೆಸಿ, 2013ರಲ್ಲಿ 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಕೆಯ ಶಿಷ್ಯೆಯರು ಕಲಿತದ್ದು ಅರೆವಿದ್ಯೆಯೆಂದು ಯಾರೂ ಹೇಳಲಾರರು.

ಕಲಿಸುವವಳೂ ಹೆಂಗಸೇ ಆಗಿರಬೇಕೆಂಬುದಕ್ಕೆ ಬೇರೆ ಕಾರಣವೂ ಉಂಟು. ಗ್ರೇಸಿ ಸೋದರರು ಶಾಲೆ ತೆರೆದ ಅದೇ ರಿಯೊ ನಗರದಲ್ಲಿ 2016ರ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, ಕುಸ್ತಿಯಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದ ಸಾಕ್ಷಿ ಮಲಿಕ್, 2023ರಲ್ಲಿ ಕ್ರೀಡಾಧಿಕಾರಿಯಿಂದ ಲೈಂಗಿಕ ಕಿರುಕುಳವಾಯಿತೆಂಬ ದೂರಿನ ಬೆನ್ನಿಗೆ ದೆಹಲಿಯ ಜಂತರ್ ಮಂತರಿನಲ್ಲಿ ಸಹಕುಸ್ತಿಪಟುಗಳೊಡನೆ ಧರಣಿ ಕೂರಬೇಕಾಗಿ ಬಂತು. ಲೋಕವನ್ನೇ ಗೆದ್ದ ತೋಳುಗಳಿಗೇ ಈ ಪಾಡೆಂದ ಮೇಲೆ, ಹಳ್ಳಿಯ ಹದಿನಾಲ್ಕರ ಹುಡುಗಿಯ ವಿಷಯದಲ್ಲಿ ಎಚ್ಚರ ಅತಿಯಾಯಿತೆಂದು ಯಾರು ತಾನೆ ಅಂದಾರು?

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿದುದು ಮಾತ್ರ ಈ ವಿದ್ಯೆಯ ಒಂದು ಸಣ್ಣ ಕಟ್ಟಳೆ. ಹಿಡಿತಕ್ಕೆ ಸಿಕ್ಕವಳು ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಸಲ ತಟ್ಟಿದಳೆಂದರೆ, ಹಿಡಿದವಳು ಮರುಕ್ಷಣವೇ ಬಿಡತಕ್ಕದ್ದು. ಏಕೆಂದು ಕೇಳುವಂತಿಲ್ಲ, ಇನ್ನೊಂದಿಷ್ಟು ತಾಳೆನ್ನುವಂತಿಲ್ಲ. ಹತ್ತಿ ಬಿಡಿಸುವ ಕೂಲಿಯಲ್ಲಿ, ಕೆಸರುಗದ್ದೆಯ ನಾಟಿಯಲ್ಲಿ, ಕೊಡ ಹೊತ್ತು ನಡೆಯುವ ದಾರಿಯಲ್ಲಿ, ಎಳೆಯ ವಯಸ್ಸಿಗೇ ಗೊತ್ತುಮಾಡಿದ ಲಗ್ನದಲ್ಲಿ, ನಮ್ಮ ಸೀಮೆಯ ಹೆಣ್ಣುಮಗಳು 'ಸಾಕು' ಎಂದ ಮಾತನ್ನು ಆಕೆಯ ಸುತ್ತಲಿನವರು ಎಂದಾದರೂ ಕೇಳಿಸಿಕೊಂಡದ್ದುಂಟೆ? ಅವಳ 'ಸಾಕು' ಎಂಬುದು ಕೂಡಲೇ ನಡೆದು ತೀರುವ ಜಾಗವೊಂದು ವಾರಕ್ಕೆ ಒಂದೆರಡು ತಾಸಾದರೂ ಇರುವುದಾದರೆ, ಪಟ್ಟುಗಳನ್ನು ಅವಳು ಮರೆತರೂ ಚಿಂತೆಯಿಲ್ಲ.

ಸರ್ಕಾರ ಸುಮ್ಮನಿದೆಯೆಂದು ದೂರುವುದು ನ್ಯಾಯವಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಝಾನ್ಸಿಯ ರಾಣಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯುಂಟು. ನಮ್ಮ ರಾಜ್ಯದ ವಸತಿಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಇನ್ನೊಂದುಂಟು. ಹೆಸರುಗಳು ದೊಡ್ಡವು. ಆದರೆ ಅಂಗಳದಲ್ಲಿ ಸಾಲುಗಟ್ಟಿ ನಿಂತು, ಒಕ್ಕೊರಲಿನಿಂದ ಕೂಗಿ, ಗಾಳಿಗೆ ಗುದ್ದಿ, ಕಡೆಯ ದಿನ ಅತಿಥಿಗಳೊಡನೆ ಭಾವಚಿತ್ರ ತೆಗೆಸಿಕೊಳ್ಳುವಲ್ಲಿಗೆ ಶಿಕ್ಷಣ ಮುಗಿಯುವುದಾದರೆ, ಮೈಮೇಲೆ ಭಾರ ಬಿದ್ದ ಗಳಿಗೆಯಲ್ಲಿ ಆ ಗುದ್ದು ಒದಗಿ ಬರಲಾರದು. ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುವಂತೆ, ಅತ್ಯಾಚಾರದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಪರಿಚಿತರೇ. ಕೈಯಳತೆಯ ದೂರದಲ್ಲಿ ಸವಾಲು ಹಾಕಿ ನಿಲ್ಲುವವರಲ್ಲ, ಬಳಿಯಲ್ಲಿಯೇ ಇದ್ದವರು. ಜಿಯು-ಜಿಟ್ಸು ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಇಬ್ಬರು ಮೂವರು ಮುತ್ತಿದರೆ, ಕೈಯಲ್ಲಿ ಕುಡುಗೋಲಿದ್ದರೆ, ಓಡಿಹೋಗುವುದಕ್ಕಿಂತ ಮಿಗಿಲಾದ ಪಟ್ಟಿಲ್ಲ. ಆದರೆ ಓಡಬೇಕಾದರೂ ಮೊದಲು ಕೆಳಗಿನಿಂದ ಎದ್ದೇಳಬೇಕಲ್ಲ!

ನಮ್ಮ ಯಾದಗಿರಿ ಜಿಲ್ಲೆಯಾದುದು 2009ರ ಡಿಸೆಂಬರಿನಲ್ಲಿ; ಅದರೊಳಗಿನ ವಡಗೇರಾ ಶಹಾಪುರದಿಂದ ಬೇರೆಯಾಗಿ ತಾಲ್ಲೂಕೆನಿಸಿದ್ದು ಅದಕ್ಕೂ ಈಚೆಗೆ. 2011ರ ಜನಗಣತಿಯಲ್ಲಿ ಶೇ. 51.83ರ ಸಾಕ್ಷರತೆಯೊಡನೆ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿದ್ದ ಜಿಲ್ಲೆಯಲ್ಲಿ ಜಪಾನು ಬ್ರೆಜಿಲುಗಳ ಮಾತೇಕೆಂದು ನಗುವವರು ನಗಲಿ. ಬೇಕಾದ ಸಾಮಗ್ರಿ ಅಲ್ಪ: ಒತ್ತೊತ್ತಾಗಿ ಹಾಸಿದ ಹತ್ತಾರು ಗಾದಿ, ಅವುಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟಲು ತೊಗರಿ ಒಣಗಿಸುವಂಥದೇ ಒಂದು ತಾಡಪತ್ರಿ, ಸಂಜೆಯ ಗಂಟೆಯಾದ ಮೇಲೆ ಬರಿದಾಗುವ ಶಾಲೆಯ ಕೊಠಡಿಯೊಂದು. ಜಿಲ್ಲೆಯ ಇಬ್ಬರು ದೈಹಿಕ ಶಿಕ್ಷಕಿಯರನ್ನು ಕೆಲವು ತಿಂಗಳು ಬೆಂಗಳೂರಿಗೆ ಕಳುಹಿಸಿ ಕಲಿಸಿ ತರುವ ವೆಚ್ಚ ಒಂದು ಸಮಾರಂಭದ ಶಾಮಿಯಾನಕ್ಕಿಂತ ಹೆಚ್ಚಾಗಲಾರದೆಂದು ನನ್ನ ಎಣಿಕೆ. ಹಾಗೆ ಕಲಿತು ಬಂದವಳ ಕೈಗೆ ಆ ಕೊಠಡಿಯ ಕೀಲಿಯನ್ನು ವಾರಕ್ಕೆರಡು ಸಂಜೆ ಕೊಟ್ಟು, ಆ ಹೊತ್ತಿನಲ್ಲಿ ಗಂಡಸರು ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳಬೇಕೆಂದು ವಡಗೇರಾದ ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನ ಬಿನ್ನಹ.