ರೋಗಿಗಿಂತ ಮೊದಲು ರಕ್ತ ಬರಲಿ

ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಎರಡು ಶಿರೂರುಗಳು ಗೊತ್ತು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ಕಾರವಾರದ ಕಡೆಗಿನ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿಗೆ 2022ರ ಜುಲೈ 20ರಂದು, ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಬಡಿದು ನಾಲ್ವರು ಸತ್ತರು. ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ಹೆದ್ದಾರಿಯಲ್ಲಿ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಸೂಪರ್‌ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡ ಜಿಲ್ಲೆಯ ಕೂಗು ನ್ಯಾಯವಾದದ್ದೇ. ಆದರೆ ಕಟ್ಟಡ ಏಳುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ತಾಲ್ಲೂಕು ಆಸ್ಪತ್ರೆಯ ಫ್ರಿಜ್‌ನಲ್ಲಿ ಸದಾ ರಕ್ತ ಇರುವಂತೆ ನೋಡಿಕೊಳ್ಳುವುದು.

ರಕ್ತವನ್ನು ಕೂಡಿಡುವ ವಿದ್ಯೆ ಹಂತಹಂತವಾಗಿ ಬೆಳೆದದ್ದು. ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದು ಎಂಬುದು 1914ರ ಹೊತ್ತಿಗೆ ತಿಳಿಯಿತು. ಮಹಾಯುದ್ಧದ ನಡುವೆ, 1943ರಲ್ಲಿ ಬಂದ ಆಮ್ಲ-ಸಿಟ್ರೇಟ್-ಗ್ಲೂಕೋಸ್ ದ್ರಾವಣದಿಂದ ಬಾಳಿಕೆ 21 ದಿನಕ್ಕೆ ಮುಟ್ಟಿತು. ಅಡೆನಿನ್ ಸೇರಿದ ಸಿಪಿಡಿಎ-1 ಅದನ್ನು 35 ದಿನಕ್ಕೆ ಏರಿಸಿತು. ಸ್ವೀಡನ್ನಿನ ಕ್ಲೇಸ್ ಹೋಗ್ಮನ್ ತಂಡ 1978ರಲ್ಲಿ ಬೇರೆ ದಾರಿ ಹಿಡಿಯಿತು. ಪ್ಲಾಸ್ಮಾವನ್ನು ತೆಗೆದು, ಉಳಿದ ಕೆಂಪು ಕಣಗಳಿಗೆ ಅವುಗಳಿಗೆಂದೇ ತಯಾರಿಸಿದ ದ್ರಾವಣ ಸೇರಿಸಿತು. ಅದರ ಮುಂದಿನ ರೂಪವೇ ಇಂದು ನಮ್ಮ ರಕ್ತನಿಧಿಗಳಲ್ಲಿರುವ ಸ್ಯಾಗ್‌ಎಂ. ಅದರಲ್ಲಿರುವುದು ಉಪ್ಪುನೀರು, ಅಡೆನಿನ್, ಗ್ಲೂಕೋಸ್ ಮತ್ತು ಮ್ಯಾನಿಟಾಲ್. ಗ್ಲೂಕೋಸ್ ಕಣಕ್ಕೆ ಆಹಾರ, ಅಡೆನಿನ್ ಶಕ್ತಿಯ ಕಚ್ಚಾವಸ್ತು, ಮ್ಯಾನಿಟಾಲ್ ಕಣ ಒಡೆಯದಂತೆ ಕಾಯುತ್ತದೆ. ಒಂದು ಚೀಲಕ್ಕೆ ಸುಮಾರು 100 ಮಿ.ಲೀ. ಹಾಕಿ 2ರಿಂದ 6 ಡಿಗ್ರಿಯಲ್ಲಿಟ್ಟರೆ 42 ದಿನ ಬಳಸಬಹುದು.

ಏಳು ದಿನ ಹೆಚ್ಚು, ಅದರಲ್ಲೇನು ಎನ್ನುವವರು ಕರಾವಳಿಯ ಮಳೆಗಾಲವನ್ನು ಲೆಕ್ಕ ಹಾಕಬೇಕು. ವಿಶ್ವ ರಕ್ತದಾನಿಗಳ ದಿನವಾದ ಜೂನ್ 14ರ ಶಿಬಿರದಲ್ಲಿ ಕೊಟ್ಟ ರಕ್ತದ ಅವಧಿ ಹಳೆಯ ಲೆಕ್ಕದಲ್ಲಿ ಜುಲೈ 19ಕ್ಕೆ ಮುಗಿಯುತ್ತದೆ, ಸ್ಯಾಗ್‌ಎಂನಲ್ಲಿ ಜುಲೈ 26ಕ್ಕೆ. ರಸ್ತೆ ಕೈಕೊಡುವುದೂ ಆ ದಿನಗಳಲ್ಲೇ.

‘ಫ್ರೆಶ್ ರಕ್ತವೇ ಬೇಕು’ ಎಂಬ ಪಟ್ಟು ರೋಗಿಯ ಕಡೆಯವರಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲೂ ಇದೆ. ಇಟ್ಟ ರಕ್ತದಲ್ಲಿ ಪೊಟ್ಯಾಸಿಯಂ ಸೋರುವುದು ನಿಜ. ಆಮ್ಲಜನಕವನ್ನು ಬಿಟ್ಟುಕೊಡುವ ಗುಣ ಕುಂದುವುದೂ ನಿಜ, ಆದರೆ ದೇಹ ಸೇರಿದ ಮೇಲೆ ಅದು ಬೇಗ ಮರಳುತ್ತದೆ. ನಾಲ್ಕು ದೇಶಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ಇನ್‌ಫಾರ್ಮ್’ ಅಧ್ಯಯನದಲ್ಲಿ, ಹೊಸ ರಕ್ತ ಪಡೆದವರಿಗೂ ಹಳೆಯದು ಪಡೆದವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನವಜಾತ ಶಿಶುಗಳ ರಕ್ತ ಬದಲಾವಣೆಯಂಥ ಸಂದರ್ಭಗಳ ಮಾತು ಬೇರೆ. ಹೆರಿಗೆಯಾಗಿ ರಕ್ತ ನಿಲ್ಲದ ಬಾಣಂತಿಗಂತೂ, ಮಣಿಪಾಲದಲ್ಲಿರುವ ನಿನ್ನೆಯ ರಕ್ತಕ್ಕಿಂತ ಹೊನ್ನಾವರದಲ್ಲೇ ಇರುವ ಮೂವತ್ತು ದಿನದ ರಕ್ತ ಮೇಲು.

ಕಾನೂನೂ ಅಡ್ಡ ಬರುವುದಿಲ್ಲ. ವರ್ಷಕ್ಕೆ 2,000 ಯುನಿಟ್‌ಗಿಂತ ಕಡಿಮೆ ಬಳಸುವ ಶೇಖರಣಾ ಘಟಕಗಳಿಗೆ 2001ರಲ್ಲೇ ಲೈಸೆನ್ಸ್‌ನಿಂದ ವಿನಾಯಿತಿ ಸಿಕ್ಕಿದೆ. ಸರ್ಕಾರದ ಅನುಮೋದನೆ ಪಡೆದು, ದೊಡ್ಡ ರಕ್ತನಿಧಿಯೊಂದರ ಜತೆ ಒಪ್ಪಂದ ಮಾಡಿಕೊಂಡರಾಯಿತು. ನಿಜವಾದ ಹೆದರಿಕೆ ಖರ್ಚಾಗದೆ ಅವಧಿ ಮೀರುವ ಚೀಲಗಳದ್ದು. ಅದಕ್ಕೂ ಉಪಾಯವಿದೆ. ಹತ್ತು ದಿನ ಉಳಿದಿರುವಾಗಲೇ ಚೀಲವನ್ನು ಬೇಡಿಕೆ ಹೆಚ್ಚಿರುವ ಆಸ್ಪತ್ರೆಗೆ ವಾಪಸ್ ಕಳಿಸಿ, ಬದಲಿಗೆ ಹೊಸದನ್ನು ತರುವುದು. ಬಾಳಿಕೆ 42 ದಿನವಾದ್ದರಿಂದಲೇ ಈ ಓಡಾಟಕ್ಕೆ ಬಿಡುವು ಸಿಗುತ್ತದೆ. ಆದರೆ ಕರೆಂಟ್ ಹೋದಾಗ ಫ್ರಿಜ್‌ಗೆ ಜನರೇಟರ್, ಅಪರಾತ್ರಿಯಲ್ಲಿ ರಕ್ತದ ಹೊಂದಾಣಿಕೆ ಪರೀಕ್ಷೆ (ಕ್ರಾಸ್‌ಮ್ಯಾಚ್) ಮಾಡಲು ತಂತ್ರಜ್ಞ ಇರಲೇಬೇಕು. ಆ ತಂತ್ರಜ್ಞನ ಹುದ್ದೆ ಖಾಲಿ ಬಿಟ್ಟು ಫ್ರಿಜ್ ಮಾತ್ರ ಕೊಂಡರೆ, ಆಂಬುಲೆನ್ಸ್ ಮತ್ತೆ ಹೆದ್ದಾರಿಯನ್ನೇ ಹಿಡಿಯಬೇಕಾಗುತ್ತದೆ.