ನಲ್ಲಿ ನೀರು ಕುಡಿಯಬಹುದೇ? ಟಿಡಿಎಸ್ ಮೀಟರ್‌ಗೆ ಗೊತ್ತಾಗದ ಸಂಗತಿಗಳು

"ನಿಮ್ಮ ಊರಿನ ನಲ್ಲಿ ನೀರು ನಿಧಾನ ವಿಷ! ಟಿಡಿಎಸ್ 400 ಇದೆ! ಕೂಡಲೇ ಎಲ್ಲರಿಗೂ ಕಳುಹಿಸಿ." ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೊಂದು ವಿಡಿಯೊ: ಎರಡು ಲೋಟ ನೀರು, ಅದರಲ್ಲಿ ಇಳಿಬಿಟ್ಟ ಲೋಹದ ಕಡ್ಡಿಗಳು. ಸ್ವಿಚ್ ಒತ್ತಿದ ಒಂದೆರಡು ನಿಮಿಷದಲ್ಲಿ ನಲ್ಲಿ ನೀರು ಚರಂಡಿ ನೀರಿನಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಲೋಟದಲ್ಲಿರುವ ಫಿಲ್ಟರ್ ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ನೋಡಿದವರ ಎದೆ ಝಲ್ಲೆನ್ನದೆ ಇರದು.

ಸಣ್ಣ ಪಟ್ಟಣಗಳ ನಲ್ಲಿ ನೀರಿನ ಬಗ್ಗೆ ಆತಂಕ ಪಡಲು ನಿಜವಾದ ಕಾರಣಗಳಿವೆ. ಆದರೆ ಈ ವಿಡಿಯೊ ತೋರಿಸುವುದು ಅವುಗಳನ್ನಲ್ಲ. ತಪ್ಪು ಭಯದ ಹಿಂದೆ ಬಿದ್ದರೆ ಸರಿಯಾದ ಎಚ್ಚರಿಕೆ ಕೈತಪ್ಪುತ್ತದೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಕಂದು ಬಣ್ಣ ಬಂದದ್ದು ಎಲ್ಲಿಂದ?

ಆ ಬಣ್ಣ ನೀರಿನಲ್ಲಿದ್ದ ಕೊಳೆಯಲ್ಲ, ಕಡ್ಡಿಯಿಂದ ಬಂದ ತುಕ್ಕು. ನೀರಿನಲ್ಲಿ ಕರಗಿದ ಲವಣಗಳಿದ್ದರೆ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿ ಸವೆದು ನೀರಿಗೆ ಸೇರುತ್ತದೆ, ಸೇರಿದ ಕಬ್ಬಿಣ ತುಕ್ಕಿನ ರೂಪ ತಾಳಿ ನೀರು ಕಂದಾಗುತ್ತದೆ. ಆರ್‌ಒ ಯಂತ್ರ ಲವಣಗಳನ್ನು ತೆಗೆದಿರುವುದರಿಂದ ಆ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಕಡ್ಡಿ ಸವೆಯುವುದೂ ಇಲ್ಲ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ. ಯಂತ್ರ ಮಾರುವವರು ಅದನ್ನು ಮಾತ್ರ ತೋರಿಸುವುದಿಲ್ಲ. ಇದನ್ನು ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ. ನೀರು ಮತ್ತು ಕರೆಂಟ್ ಜೊತೆ ಆಟ ಬೇಡ.

ಟಿಡಿಎಸ್ ಎಂದರೇನು?

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮುಂತಾದವೆಲ್ಲ ಸೇರಿ ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಇವೆ ಎಂಬ ಲೆಕ್ಕ. ಪೆನ್ನಿನಂತಿರುವ ಮೀಟರ್ ಈ ಲವಣಗಳನ್ನು ಎಣಿಸುವುದೂ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಅಂದಾಜು ಮಾಡುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಮಾನದಂಡ (ಐಎಸ್ 10500) ಇದೆ. ಅದರ ಪ್ರಕಾರ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 2000ದವರೆಗೂ ಒಪ್ಪಬಹುದು. ಹಾಗಾಗಿ 400 ಎಂಬ ಅಂಕಿ ವಿಷದ ಗುರುತಲ್ಲ. ಅದೇ ರೀತಿ 50 ಎಂಬುದು ಅಮೃತದ ಗುರುತೂ ಅಲ್ಲ.

ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಮೀಟರ್ ಜಿಗಿಯುತ್ತದೆ. ಅದೇ ಲೋಟಕ್ಕೆ ಚರಂಡಿ ನೀರಿನ ಒಂದು ಹನಿ ಹಾಕಿದರೆ ಅಂಕಿ ಬದಲಾಗುವುದೇ ಇಲ್ಲ. ಆದರೆ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದು ಆ ಒಂದು ಹನಿ. ಬ್ಯಾಕ್ಟೀರಿಯಾ, ವೈರಸ್, ಕೀಟನಾಶಕ, ಅತಿ ಸಣ್ಣ ಪ್ರಮಾಣದ ಆರ್ಸೆನಿಕ್ ಇವು ಯಾವುವೂ ಈ ಮೀಟರ್‌ಗೆ ಕಾಣುವುದಿಲ್ಲ.

ನಿಜವಾದ ಅಪಾಯ ಯಾವುದು?

2022ರ ಮೇ ಕೊನೆಯ ಹೊತ್ತಿಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇಂಥದ್ದೇ ದುರಂತ ನಡೆಯಿತು. ಇವೆರಡೂ ಲವಣಾಂಶದ ತೊಂದರೆಗಳಲ್ಲ. ನೀರು ಕಲುಷಿತವಾದಾಗ ಗಂಟೆಗಳು, ದಿನಗಳಲ್ಲಿ ಊರಿಗೆ ಊರೇ ಹಾಸಿಗೆ ಹಿಡಿಯುವ ಬಗೆ ಇದು.

ಕಾಲರಾ, ಟೈಫಾಯ್ಡ್, ಆಮಶಂಕೆ, ಕಾಮಾಲೆಯ ಎರಡು ಬಗೆಗಳು (ಹೆಪಟೈಟಿಸ್ ಎ ಮತ್ತು ಇ) ಹರಡುವುದು ಮನುಷ್ಯರ ಮಲ ನೀರಿಗೆ ಸೇರಿದಾಗ. ಮಾನದಂಡದಲ್ಲಿ ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಇ. ಕೋಲಿಯ ಎಲ್ಲ ತಳಿಗಳೂ ರೋಗ ತರುವುದಿಲ್ಲ. ಆದರೆ ಅದು ಇದೆ ಎಂದರೆ ಮಲ ಸೇರಿದೆ ಎಂದೇ ಅರ್ಥ.

ಟ್ಯಾಂಕ್‌ನಲ್ಲಿ ಶುದ್ಧ, ನಲ್ಲಿಯಲ್ಲಿ ಅಶುದ್ಧ: ಏಕೆ?

ನದಿ ಅಥವಾ ಕೆರೆಯ ನೀರನ್ನು ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿ ಕೆಸರು ತಳಕ್ಕಿಳಿಸುತ್ತಾರೆ, ಮರಳಿನ ಹಾಸಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ. ಅಲ್ಲಿಂದ ಓವರ್‌ಹೆಡ್ ಟ್ಯಾಂಕ್, ಟ್ಯಾಂಕ್‌ನಿಂದ ಪೈಪು, ಪೈಪಿನಿಂದ ಮನೆ. ಘಟಕ ಸರಿಯಾಗಿ ಕೆಲಸ ಮಾಡಿದರೆ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ಅದು ಕೆಡುವುದು ಬಹಳ ಸಲ ದಾರಿಯಲ್ಲಿ.

ನಮ್ಮ ಹೆಚ್ಚಿನ ಪಟ್ಟಣಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಿಡುತ್ತಾರೆ. ಪೈಪಿನ ತುಂಬ ನೀರು ಒತ್ತಡದಲ್ಲಿ ಹರಿಯುವಾಗ ಸಣ್ಣ ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಮುಚ್ಚಿ ಪೈಪು ಖಾಲಿಯಾದಾಗ ಒತ್ತಡ ಇಲ್ಲವಾಗಿ, ಅದೇ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ಇಳಿಯುತ್ತದೆ. ಪೈಪಿನ ಪಕ್ಕದಲ್ಲೇ ಚರಂಡಿಯಿದ್ದರೆ ಉಳಿದದ್ದನ್ನು ಹೇಳಬೇಕಿಲ್ಲ. ನೀರು ಕಡಿಮೆ ಬರುತ್ತದೆಂದು ನಲ್ಲಿಗೇ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ಅಭ್ಯಾಸ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮೋಟಾರ್ ನೀರಿನ ಜೊತೆ ಸುತ್ತಲಿನ ಕೊಳಚೆಯನ್ನೂ ಹೀರಿ ತರಬಲ್ಲದು. ಎಳೆದವರ ಮನೆಗಷ್ಟೇ ಅಲ್ಲ, ಇಡೀ ಬೀದಿಗೆ.

ಇದು ಬರಿಯ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಯೋಜನೆ ಜಾರಿಯಾದಾಗ, ಉಳಿದ ಬಡಾವಣೆಗಳಿಗೆ ಹಳೆಯ ಪದ್ಧತಿಯಲ್ಲೇ ನೀರು ಬರುತ್ತಿತ್ತು. ಎರಡರ ನಲ್ಲಿ ನೀರನ್ನೂ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನಲ್ಲಿಯಿಂದ ಹಿಡಿದ ಮಾದರಿಗಳಲ್ಲಿ ಸುಮಾರು 32 ಶೇಕಡಾದಲ್ಲಿ ಇ. ಕೋಲಿ ಇತ್ತು. ಸದಾ ನೀರಿರುವ ಕಡೆ ಒಂದು ಶೇಕಡಾಕ್ಕಿಂತಲೂ ಕಡಿಮೆ. ಊರು ಒಂದೇ, ವ್ಯತ್ಯಾಸ ಪೈಪಿನ ಒಳಗಿನ ಒತ್ತಡದ್ದು. ನೀರು ಬಿಟ್ಟ ಮೊದಲ ಕೆಲವು ನಿಮಿಷ ಬರುವ ನೀರು ಹೆಚ್ಚು ಕಲಕಾಗಿರುತ್ತದೆ ಎಂಬುದನ್ನೂ ಅವರು ಗಮನಿಸಿದ್ದಾರೆ. ಮೊದಲ ಕೊಡ ಪಾತ್ರೆ ತೊಳೆಯಲಿಕ್ಕೆ, ಗಿಡಕ್ಕೆ ಎಂದು ಎತ್ತಿಡುವ ಮನೆಯವರ ರೂಢಿ ಸರಿಯಾದದ್ದೇ.

ಕ್ಲೋರಿನ್ ವಾಸನೆ: ಶತ್ರುವೋ ಕಾವಲುಗಾರನೋ?

"ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ, ಕುಡಿದರೆ ಕ್ಯಾನ್ಸರ್" ಎಂಬುದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಕ್ಲೋರಿನ್ ನೀರಿನಲ್ಲಿರುವ ಸಾವಯವ ಅಂಶಗಳ ಜೊತೆ ಸೇರಿ ಕೆಲವು ಉಪವಸ್ತುಗಳು ಉಂಟಾಗುವುದು ನಿಜ. ಆದರೆ ಸೋಂಕು ನಿವಾರಿಸದ ನೀರಿನ ಅಪಾಯದ ಮುಂದೆ ಈ ಅಪಾಯ ಅತ್ಯಲ್ಪ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಿಂದ ನಗರದ ನೀರಿಗೆ ನಿರಂತರವಾಗಿ ಕ್ಲೋರಿನ್ ಹಾಕತೊಡಗಿದರು. ಆ ಪದ್ಧತಿ ಬೇರೆ ಊರುಗಳಿಗೆ ಹಬ್ಬಿದಂತೆ ಟೈಫಾಯ್ಡ್ ಇಳಿಯುತ್ತ ಹೋಯಿತು.

ಕ್ಲೋರಿನ್ನಿನ ವಿಶೇಷವೆಂದರೆ, ಟ್ಯಾಂಕ್‌ನಲ್ಲಿ ಕೆಲಸ ಮುಗಿಸಿದ ಮೇಲೂ ಸ್ವಲ್ಪ ಉಳಿದು ನೀರಿನ ಜೊತೆ ಪೈಪಿನಲ್ಲಿ ಕಾವಲಿಗೆ ಬರುತ್ತದೆ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ನಮ್ಮ ಮಾನದಂಡ ಹೇಳುತ್ತದೆ. ಹಾಗಾಗಿ ತೆಳುವಾದ ಕ್ಲೋರಿನ್ ವಾಸನೆ ಬಂದರೆ ಗಾಬರಿ ಬೇಡ. ಕೊಡವನ್ನು ತೆಳು ಬಟ್ಟೆಯಿಂದ ಮುಚ್ಚಿ ಸ್ವಲ್ಪ ಹೊತ್ತು ಇಟ್ಟರೆ ವಾಸನೆ ಹೋಗುತ್ತದೆ. ಜನರ ದೂರಿಗೆ ಹೆದರಿ ವಾಟರ್‌ಮನ್ ಕ್ಲೋರಿನ್ ಹಾಕುವುದನ್ನೇ ನಿಲ್ಲಿಸಿದರೆ, ಗಾಬರಿ ಪಡಬೇಕಾದ್ದು ಆಗ. ಬ್ಲೀಚಿಂಗ್ ಪೌಡರಿನ ಚೀಲ ಬಾಯಿ ತೆರೆದು ಬಿದ್ದಿದ್ದರೂ ಅದರ ಶಕ್ತಿ ಕುಂದುತ್ತದೆ ಎಂಬುದು ನೆನಪಿರಲಿ.

ಕಣ್ಣಿಗೆ ಕಾಣುವುದೆಲ್ಲ ಅಪಾಯವಲ್ಲ

ನೀರು ಹಾಲಿನಂತೆ ಬೆಳ್ಳಗೆ ಬಂದು ಲೋಟದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಹೋದರೆ ಅದು ಗಾಳಿಯ ಗುಳ್ಳೆ, ಪೌಡರ್ ಅಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದರೆ ನೀರು ಗಡಸು ಎಂದರ್ಥ. ಗಡಸು ನೀರಿನಲ್ಲಿ ಬೇಳೆ ಬೇಯುವುದು ತಡ, ಸೋಪು ನೊರೆ ಬರುವುದು ಕಷ್ಟ. ಆದರೆ ಅದರಿಂದಲೇ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನೀರನ್ನೇ ಕಡಿಮೆ ಕುಡಿಯುವುದು ಕಲ್ಲಾಗಲು ಅದಕ್ಕಿಂತ ದೊಡ್ಡ ಕಾರಣ. ಕೆಂಪು ಮಿಶ್ರಿತ ಹಳದಿ ನೀರು ಸಾಮಾನ್ಯವಾಗಿ ಕಬ್ಬಿಣಾಂಶದ್ದು ಅಥವಾ ಹಳೆಯ ಪೈಪಿನ ತುಕ್ಕಿನದು. ಕೊಳೆತ ವಾಸನೆಯ, ಕಪ್ಪಗಿನ ನೀರು ಬಂದರೆ ಮಾತ್ರ ಕೂಡಲೇ ಬಳಕೆ ನಿಲ್ಲಿಸಿ ಪುರಸಭೆಗೆ ತಿಳಿಸಿ. ಅದು ಚರಂಡಿ ಸೇರಿರುವ ಸೂಚನೆಯಿರಬಹುದು.

ಇನ್ನು ಕೆಲವು ಅಪಾಯಗಳಿಗೆ ಬಣ್ಣ, ವಾಸನೆ, ರುಚಿ ಒಂದೂ ಇಲ್ಲ. ಅವುಗಳಲ್ಲಿ ಫ್ಲೋರೈಡ್ ಮುಖ್ಯವಾದದ್ದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ಆಳದ ಕೊಳವೆಬಾವಿ ನೀರಿನಲ್ಲಿ ಇದರ ತೊಂದರೆ ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ಕೊನೆಯ ಮಿತಿ. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿತ. ಗೊಬ್ಬರ ಮತ್ತು ಕೊಳಚೆಯಿಂದ ಬರುವ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಎಳೆ ಕೂಸುಗಳಿಗೆ ಅಪಾಯ.

ಯಾವುದಕ್ಕೆ ಯಾವ ಮದ್ದು?

ಒಂದೇ ಉಪಾಯ ಎಲ್ಲದಕ್ಕೂ ಆಗುವುದಿಲ್ಲ.

* ಕುದಿಸುವುದು: ರೋಗಾಣುಗಳಿಗೆ ಇದಕ್ಕಿಂತ ಸರಳ ಮದ್ದಿಲ್ಲ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 20 ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ಆದರೆ ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಅವುಗಳ ಸಾಂದ್ರತೆ ಸ್ವಲ್ಪ ಏರುತ್ತದೆ.

* ಬಟ್ಟೆಯಲ್ಲಿ ಸೋಸುವುದು, ಪಟಿಕ ಆಡಿಸುವುದು: ಕೆಸರು ಕಡಿಮೆಯಾಗುತ್ತದೆ. ನೀರು ತಿಳಿಯಾಯಿತೆಂದರೆ ಶುದ್ಧವಾಯಿತೆಂದಲ್ಲ, ಆಮೇಲೆ ಕುದಿಸಲೇಬೇಕು.

* ತಾಮ್ರದ ಕೊಡ: ಇದರಲ್ಲಿ ಸತ್ಯವಿದೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿಯಲಿಲ್ಲವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಆದರೆ ಒಂದು ಗಂಟೆ ಇಟ್ಟರೆ ಸಾಲದು, ಫ್ಲೋರೈಡಿಗೂ ಇದು ಮದ್ದಲ್ಲ. ಭೇದಿ ಹಬ್ಬಿರುವಾಗ ಇದೊಂದನ್ನೇ ನಂಬಿ ಕೂರಬೇಡಿ.

* ಯುವಿ ಯಂತ್ರ: ತಿಳಿ ನೀರಿನ ರೋಗಾಣುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಲವಣ ಹಾಗೇ ಉಳಿಯುತ್ತದೆ.

* ಆರ್‌ಒ ಯಂತ್ರ: ಫ್ಲೋರೈಡ್, ನೈಟ್ರೇಟ್, ಅತಿಯಾದ ಲವಣ ಇರುವ ಊರಿಗೆ ಬೇಕಾದದ್ದು. ನದಿ ನೀರು ಬರುವ, ಟಿಡಿಎಸ್ 200 ಇರುವ ಮನೆಗೆ ಅನಗತ್ಯ ಖರ್ಚು. ಒಂದು ಲೀಟರ್ ಕೊಡಲು ಅದು ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಬಿಡುತ್ತದೆ. ಆ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳಿ.

ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವೂ ಆರ್‌ಒ ಯಂತ್ರವೇ. ಫಿಲ್ಟರ್ ಕಾಲಕಾಲಕ್ಕೆ ಬದಲಾಗುತ್ತಿದೆಯೇ ಎಂದು ಕೇಳಿ. ಘಟಕದ ನೀರು ಎಷ್ಟೇ ಶುದ್ಧವಿರಲಿ, ಪಾಚಿ ಕಟ್ಟಿದ ಕ್ಯಾನಿಗೆ ಬಿದ್ದ ಮೇಲೆ ಅದು ಶುದ್ಧವಲ್ಲ. ಆ ನೀರಿನಲ್ಲಿ ಉಳಿದ ಕ್ಲೋರಿನ್ ಕೂಡ ಇರುವುದಿಲ್ಲವಾದ್ದರಿಂದ ಬೇಗ ಕೆಡಬಹುದು.

ನೀವು ಮಾಡಬಹುದಾದ್ದು

ಮೊದಲು ನಿಮ್ಮ ಬೀದಿಯ ನೀರು ನದಿಯದೋ, ಕೊಳವೆಬಾವಿಯದೋ, ಎರಡೂ ಬೆರೆತದ್ದೋ ತಿಳಿದುಕೊಳ್ಳಿ. ಕೊಳವೆಬಾವಿಯದಾದರೆ ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮುಖ್ಯ. ಜಿಲ್ಲಾ ಮಟ್ಟದಲ್ಲಿ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಹಳ್ಳಿಯವರು ಪಂಚಾಯಿತಿಯ ಪರೀಕ್ಷಾ ಕಿಟ್ ಬಗ್ಗೆಯೂ ಕೇಳಬಹುದು. ಮಲ ಸೇರಿದೆಯೇ ಎಂದು ಸ್ಥೂಲವಾಗಿ ನೋಡಲು ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆಯಿದೆ. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರು ಸಂಶಯಾಸ್ಪದ. 1982ರಲ್ಲಿ ಈ ವಿಧಾನವನ್ನು ಪ್ರಕಟಿಸಿದವರು ನಮ್ಮ ದೇಶದ ವಿಜ್ಞಾನಿಗಳೇ.

ಮನೆಯ ಸಂಪು, ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು? ಸಂಪಿನ ಮುಚ್ಚಳ ಸರಿಯಿದೆಯೇ? ಶೌಚದ ಗುಂಡಿ ಅದರ ಪಕ್ಕದಲ್ಲೇ ಇದೆಯೇ? ಪುರಸಭೆಯನ್ನು ಬೈಯುವ ಮೊದಲು ಇವನ್ನೂ ನೋಡಬೇಕು. ಕುಡಿಯುವ ನೀರಿನ ಕೊಡಕ್ಕೆ ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ನೀರು ತೆಗೆಯಿರಿ.

ಮಳೆಗಾಲದ ಮೊದಲ ವಾರಗಳಲ್ಲಿ, ಪೈಪು ಒಡೆದು ರಿಪೇರಿಯಾದ ಮೇಲೆ, ಬೀದಿಯಲ್ಲಿ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ವಾಂತಿ ಭೇದಿ ಕಂಡಾಗ ಕುದಿಸದ ನೀರು ಬೇಡವೇ ಬೇಡ. ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ. ಭೇದಿಯಾದವರಿಗೆ ಒಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ತಲೆಸವರಿ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪುರಸಭೆಗೆ, ಪಟ್ಟಣ ಪಂಚಾಯಿತಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಪೈಪಿನ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ? ನೀರನ್ನು ಕೊನೆಯ ಬಾರಿ ಪ್ರಯೋಗಾಲಯಕ್ಕೆ ಕಳುಹಿಸಿದ್ದು ಯಾವಾಗ, ವರದಿ ಏನು ಹೇಳಿತು? ಓವರ್‌ಹೆಡ್ ಟ್ಯಾಂಕ್ ತೊಳೆದ ದಿನಾಂಕ ಯಾವುದು? ಮನೆಗೊಂದು ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಪೈಪಿನ ನೀರು ಎಲ್ಲರದು. ಲೋಟದ ವಿಡಿಯೊ ಬದಲು ಈ ಮೂರು ಪ್ರಶ್ನೆಗಳನ್ನು ನಿಮ್ಮ ಬಡಾವಣೆಯ ಗುಂಪಿಗೆ ಕಳುಹಿಸಿ.