ಮಳವಳ್ಳಿಗೊಬ್ಬ ಚರಿತ್ರೆಕಾರ ಬೇಕು

ಮಳವಳ್ಳಿಯೆಂದೊಡನೆ ಕನ್ನಡ ಎಂ.ಎ. ಓದಿದವರ ಮನಸ್ಸಿಗೆ ಬರುವುದು ಒಂದು ಶಾಸನ. ಕಂಬದ ಮೇಲೆ ಪ್ರಾಕೃತದಲ್ಲಿ ಕೊರೆದ, ಕದಂಬರ ಕಾಲಕ್ಕೆ ನಮ್ಮನ್ನು ಕೊಂಡೊಯ್ಯುವ ಆ ಶಾಸನವನ್ನು ಬಲ್ಲವರು, "ಓಹೋ, ತಾವು ಆ ಮಳವಳ್ಳಿಯವರೋ?" ಎಂದು ನನ್ನನ್ನು ಆದರದಿಂದ ಕೇಳುವುದುಂಟು. ಆ ಮಳವಳ್ಳಿ ಶಿಕಾರಿಪುರ ತಾಲ್ಲೂಕಿನದು. ನಾನು ಪಾಠ ಹೇಳುವುದು ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ. ಇದನ್ನು ತಿಳಿಸಿದೊಡನೆ ಅವರ ಆದರ ತುಸು ಇಳಿಯುತ್ತದೆ. ಮೇಲುಕೋಟೆಗೆ ಪು.ತಿ.ನ. ಇದ್ದಾರೆ, ಕಿಕ್ಕೇರಿಗೆ ಕೆ.ಎಸ್. ನರಸಿಂಹಸ್ವಾಮಿಯವರಿದ್ದಾರೆ, ನಮಗೆ ಶಾಸನದ ಕೀರ್ತಿಯೂ ದಕ್ಕಲಿಲ್ಲ.

ಹಾಗೆಂದು ಚರಿತ್ರೆಯ ಗ್ರಂಥಗಳಲ್ಲಿ ನಮ್ಮ ಊರಿಗೆ ಎಡೆಯೇ ಇಲ್ಲವೆಂದಲ್ಲ. 1799ನೆಯ ಮಾರ್ಚ್ 27ರಂದು ಟೀಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನ ನಡೆದುದು ಇಲ್ಲಿಯೆ. ಮುಂದೆ ವಾಟರ್ಲೂವಿನಲ್ಲಿ ಹೆಸರಾದ ಆರ್ಥರ್ ವೆಲ್ಲೆಸ್ಲಿಯೂ ಅಂದು ಈ ಬಯಲಿನಲ್ಲಿದ್ದ. ಟೀಪು ಹಿಂದೆಗೆದನು, ಆಂಗ್ಲರು ಸೋಸಲೆಯ ಬಳಿ ಕಾವೇರಿಯನ್ನು ದಾಟಿದರು, ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗ್ರಂಥಕರ್ತರಿಗೆ ಮಳವಳ್ಳಿ ಆ ದಾರಿಯ ಒಂದು ಮಜಲು ಮಾತ್ರ. ತುಳಿದುಹೋದ ಹೊಲಗಳು ಯಾರವು, ಊರು ಬಿಟ್ಟ ಜನ ಮರಳಿ ಬಂದುದೆಂದಿಗೆ ಎಂಬ ಪ್ರಶ್ನೆ ಅವರದಲ್ಲ.

ಎರಡನೆಯ ಎಡೆ ವಿದ್ಯುಚ್ಛಕ್ತಿಯದು. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಜಲಪಾತದ ಮೊರೆತವನ್ನು ದಿನವೂ ಕೇಳುತ್ತಿದ್ದ ಹಳ್ಳಿಗಳಿಗೆ ಆ ಬೆಳಕು ಬಂದುದು ಬಹುಕಾಲದ ಮೇಲೆ. 1974ರಲ್ಲಿ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಕೊಳವೆಗಳನ್ನೇರಿ ಬೆಂಗಳೂರಿಗೆ ಹೊರಟಿತು. ಆ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ನಮ್ಮ ರೈತರಾದರೋ ಇಂದಿಗೂ ನೀರಿನ ದಾರಿಯನ್ನು ನೋಡುತ್ತಿರುತ್ತಾರೆ. ರಾಜಧಾನಿಯ ದಾಹ ತೀರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಊರಿನಿಂದ ಏನೇನು ಹೊರಗೆ ಹೋಯಿತು ಎಂಬ ಪಟ್ಟಿಯನ್ನೇ ಆ ಊರಿನ ಚರಿತ್ರೆಯೆಂದು ಕರೆಯುವುದನ್ನು ನಾನು ಒಪ್ಪಲಾರೆ.

ಇಲ್ಲಿ ಒಂದು ದೂರದ ಊರಿನ ಮಾತು. ಶಿವನಸಮುದ್ರದ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅದರ ಮುಖ್ಯ ಕಾರ್ಖಾನೆಯಿದ್ದುದು ನ್ಯೂಯಾರ್ಕ್ ರಾಜ್ಯದಲ್ಲಿ, ಮೊಹಾಕ್ ನದಿಯ ಕಣಿವೆಯಲ್ಲಿರುವ ಸ್ಕೆನೆಕ್ಟಡಿಯೆಂಬ ಸಣ್ಣ ನಗರದಲ್ಲಿ. ನಮ್ಮದೂ ಕಾವೇರಿ ಶಿಂಷಾ ನದಿಗಳ ನಡುವಿನ ಊರೇ. ಆದರೆ ಒಂದು ವ್ಯತ್ಯಾಸವುಂಟು. ಪ್ರತಿಯೊಂದು ನಗರಕ್ಕೂ ಗ್ರಾಮಕ್ಕೂ ಒಬ್ಬ ಸ್ಥಳೀಯ ಚರಿತ್ರೆಕಾರನನ್ನು ನೇಮಿಸಬೇಕೆಂದು ಆ ರಾಜ್ಯ 1919ರಲ್ಲಿಯೆ ಕಾಯಿದೆ ಮಾಡಿತು. ಹಳೆಯ ಕಾಗದಗಳನ್ನು ಕಾಪಾಡುವುದು, ಊರಿನ ಸಂಗತಿಗಳನ್ನು ಬರೆದಿಡುವುದು ಅವನ ಕೆಲಸ. "ಅವರ ಇತಿಹಾಸ ಮೊಳದುದ್ದ, ಆದ್ದರಿಂದ ಅಷ್ಟು ಜೋಪಾನ" ಎಂದು ನನ್ನ ಸ್ನೇಹಿತರೊಬ್ಬರು ನಗುತ್ತಾರೆ. ನಮ್ಮದು ಮಾರುದ್ದವಾದರೆ ಅದನ್ನು ಗಾಳಿಗೆ ಬಿಡಬಹುದೆ?

ಅಂಥ ಚರಿತ್ರೆಕಾರನೊಬ್ಬ ಮಳವಳ್ಳಿಗೆ ಬಂದರೆ ಅವನು ಮೊದಲು ಹೋಗಬೇಕಾದುದು ಕದನದ ಬಯಲಿಗಲ್ಲ, ವಿದ್ಯುದಾಗಾರಕ್ಕೂ ಅಲ್ಲ, ಬೊಪ್ಪೇಗೌಡನಪುರಕ್ಕೆ. ಮಂಟೇಸ್ವಾಮಿಯ ಗದ್ದುಗೆಯಿರುವ ಊರು ಅದು. ಈ ಸೀಮೆಯ ಮಹಾಕಾವ್ಯವನ್ನು ಬರೆದ ಕವಿಯಿಲ್ಲ, ಹಾಡುವ ನೀಲಗಾರರಿದ್ದಾರೆ. ತಂಬೂರಿ, ಗಗ್ಗರ, ತಾಳಗಳೊಡನೆ ಅವರು ರಾತ್ರಿಯೆಲ್ಲ ಹಾಡುವ ಕಥೆ ಬಸವಣ್ಣನ ಕಲ್ಯಾಣದಲ್ಲಿ ತೊಡಗುತ್ತದೆ. ಹೊಲಸನ್ನು ಮೈಗೆ ಬಳಿದುಕೊಂಡು ಬಂದ ಮಂಟೇಸ್ವಾಮಿ ಅಲ್ಲಿಯ ಶರಣರ ಭಕ್ತಿಯನ್ನೆ ಒರೆಗೆ ಹಚ್ಚಿ, ತೆಂಕಣಕ್ಕೆ ನಡೆದು ಬರುತ್ತಾನೆ. ವಚನಗಳನ್ನು ವರ್ಷವರ್ಷವೂ ಪಾಠ ಹೇಳುವ ನನಗೆ, ಕಲ್ಯಾಣದ ಬಗೆಗೆ ಇಷ್ಟು ನಿರ್ಭೀತವಾದ ವಿಮರ್ಶೆ ಪುಸ್ತಕಗಳಲ್ಲಿಯೂ ವಿರಳವೆನಿಸಿದೆ.

ಆ ಕಾವ್ಯದಲ್ಲಿ ನಮ್ಮ ತಾಲ್ಲೂಕಿನ ಹಲಗೂರು ಬರುತ್ತದೆ. ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅನ್ನವನ್ನಲ್ಲ, ಹೊನ್ನನ್ನಲ್ಲ, ಕಬ್ಬಿಣವನ್ನು! ಪಾಂಚಾಳರು ಇಲ್ಲವೆನ್ನುತ್ತಾರೆ, ಪರೀಕ್ಷೆಗಳಿಗೆ ಗುರಿಮಾಡುತ್ತಾರೆ, ಕೊನೆಗೆ ಮಣಿಯುತ್ತಾರೆ. ಇದನ್ನು ಪವಾಡವೆಂದು ಕೇಳಿ ಕೈಮುಗಿಯುವವರು ಮುಗಿಯಲಿ. ಆದರೆ ಕುಲುಮೆಯ ಸಂಪತ್ತು ಯಾರ ಕೈಯಲ್ಲಿತ್ತು, ನೇಗಿಲಿಗೂ ಆಯುಧಕ್ಕೂ ಬೇಕಾದ ಲೋಹಕ್ಕಾಗಿ ಹೊಸ ಪಂಥವೊಂದು ಹಳೆಯ ಕುಶಲಿಗರನ್ನು ಹೇಗೆ ಎದುರಿಸಿತು ಎಂಬ ನೆನಪು ಇದರೊಳಗೆ ಅಡಗಿದೆಯೆಂದು ನನಗೆ ತೋರುತ್ತದೆ. ಕುಲುಮೆಯ ಕಿಟ್ಟ ಎಲ್ಲೆಲ್ಲಿ ಸಿಕ್ಕುತ್ತದೆಂದು ಸುತ್ತಣ ಹೊಲಗಳಲ್ಲಿ ಹುಡುಕಿ ನೋಡಬೇಕು. ಅದು ಊರಿನಲ್ಲಿಯೇ ಇರುವವನು ಮಾಡುವ ಕೆಲಸ. ಮೈಸೂರಿನಿಂದ ಎರಡು ದಿನಕ್ಕೆಂದು ಬಂದು ಹೋಗುವ ಪಂಡಿತನದಲ್ಲ.

ವಿದ್ವಾಂಸರು ಈ ಕಾವ್ಯವನ್ನು ಕಡೆಗಣಿಸಿದರೆಂದು ನಾನು ಹೇಳುತ್ತಿಲ್ಲ. ಇದೇ ಜಿಲ್ಲೆಯ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ಕುರಿತು ದುಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಮಾಡಿತು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಧ್ವನಿಸುರುಳಿಗಳಲ್ಲಿ ಮನೆಮನೆಗೆ ಹೋಯಿತು. ಆದರೆ ಅಚ್ಚಾದುದು ಒಂದು ಪಾಠ. ಹಾಡುವವರೊಬ್ಬೊಬ್ಬರ ಬಾಯಲ್ಲಿಯೂ ಕಥೆಯ ಸಾಲುಗಳು ಬೇರೆ, ಹಾದಿಯಲ್ಲಿ ಬರುವ ಬೆಟ್ಟ ಹಳ್ಳಗಳ ಹೆಸರುಗಳು ಬೇರೆ.

ಹಿಂದಿನ ವರ್ಷ ತರಗತಿಯಲ್ಲಿ ಈ ಕಾವ್ಯದ ಪ್ರಸ್ತಾಪ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ. ಪಾಠ ಮುಗಿದ ಮೇಲೆ ವರಾಂಡದಲ್ಲಿ ಮೆಲ್ಲಗೆ, "ಸಾರ್, ನಮ್ಮ ತಾತ ನೀಲಗಾರ್ರು" ಎಂದ. ಅದನ್ನು ತರಗತಿಯಲ್ಲಿಯೆ ಏಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನೀಲಗಾರರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಗಳವರು. ಅವರ ಹಾಡನ್ನು ‘ಜಾನಪದ’ವೆಂದು ವೇದಿಕೆಯ ಮೇಲೆ ಹತ್ತು ನಿಮಿಷ ಕೇಳಿ ಶಾಲು ಹೊದಿಸುವ ನಾವು ‘ಸಾಹಿತ್ಯ’ವೆಂಬ ಮಾತನ್ನು ಬೇರೆಯವರಿಗೆ ಮೀಸಲಿಟ್ಟಿದ್ದೇವೆ. ಆ ಹುಡುಗ ತಾತನಿಂದ ಕಲಿತುದು ಎರಡೇ ಪದ. ತಾತನಿಗೆ ವಯಸ್ಸು ಎಂಬತ್ತು ದಾಟಿದೆ.

ಒಬ್ಬನೇ ಮನುಷ್ಯ ಏನು ಮಾಡಬಲ್ಲನೆಂದು ಕೇಳುವವರು ಕಿರುಗಾವಲಿಗೆ ಹೋಗಿ ಬರಲಿ. ಅಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ಬಗೆಯ ನಾಡಭತ್ತಗಳನ್ನು ಬೆಳೆದು ಉಳಿಸಿದ್ದಾರೆ. ಟೀಪುವಿನ ಕಾಲದ್ದೆಂದು ಹೆಸರಾದ ಹಳೆಯ ಮಾವಿನ ತೋಪನ್ನೂ ಕಾಪಾಡಿದ್ದಾರೆ. ಬೀಜಕ್ಕೆ ಸಲ್ಲುವ ಆರೈಕೆ ಮಾತಿಗೂ ಸಲ್ಲಬೇಡವೆ?

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪುರಸಭೆ ಒಂದು ಕೊಠಡಿಯನ್ನು ಕೊಡಲಿ, ಎರಡು ಬೀರುಗಳನ್ನು ಕೊಡಲಿ. ಚರಿತ್ರೆಕಾರನೆಂದು ಒಬ್ಬರನ್ನು ಗೊತ್ತುಮಾಡಲಿ. ನಿವೃತ್ತ ಉಪಾಧ್ಯಾಯರಾದರೂ ಸರಿ, ಸಂಬಳದ ಬದಲು ಬಸ್ಸಿನ ಖರ್ಚಾದರೂ ಸರಿ. ತಾಲ್ಲೂಕಿನಲ್ಲಿ ಇಂದು ಬದುಕಿರುವ ನೀಲಗಾರರ ಹೆಸರು, ಹಳ್ಳಿ, ಅವರು ಬಲ್ಲ ಸಾಲುಗಳು, ಇಷ್ಟು ಮೊದಲ ಪುಸ್ತಕಕ್ಕೆ ಸಾಕು. ಧ್ವನಿಮುದ್ರಣಕ್ಕೆ ಯಂತ್ರವನ್ನು ಕೊಳ್ಳಬೇಕಾದುದಿಲ್ಲ, ಅದು ಹುಡುಗರ ಜೇಬಿನಲ್ಲಿಯೆ ಇದೆ. ಬೇಸಗೆಯ ರಜೆ ಹತ್ತಿರವಾಗಿದೆ. ನಾನು ಹೇಳಿದ ಹುಡುಗನೂ ಅವನ ಮೂವರು ಸಹಪಾಠಿಗಳೂ ತಾತನ ಮನೆಯಿಂದಲೇ ತೊಡಗಲು ಒಪ್ಪಿದ್ದಾರೆ. ಅವರು ಬರೆದು ತಂದುದನ್ನು ಇಡಲು ಬೀರುವೊಂದು ಬೇಕಾಗಿದೆ.